ಏಳನೇ ಗುಂಡಿಯ ಕೆಳಗೆ

ಮೊದಲು ಸಿಲ್ವರ್ ಓಕ್ ಕಡಿದೆವು, ನಲವತ್ತೊಂದು.
ಹಿಂದಿನ ಯಾವನೋ ಕಾರ್ಯದರ್ಶಿ ನೆರಳಿಗೆಂದು ನೆಡಿಸಿದ್ದು.
ನೆರಳು ಬಲಿತು ಬಲಿತು ಹುಲ್ಲನ್ನೇ ಉಂಡಿತ್ತು.
ಮತ್ತಿ, ನಂದಿ, ಒಂದು ಅತ್ತಿ ಮಾತ್ರ ಉಳಿಸಿದೆವು,
ಒಂದಕ್ಕೊಂದು ಮಾತು ಕೇಳಿಸದಷ್ಟು ದೂರ ದೂರ.
ಕೊನೆಯ ಮರ ಬಿದ್ದದ್ದೇ ಮುಳ್ಳಯ್ಯನಗಿರಿ
ಕದ ತೆರೆಯುವ ಮೊದಲೇ ಬಂದು ನಿಂತಿದ್ದ ನೆಂಟನ ಹಾಗೆ
ಎದುರಿಗೇ ಇತ್ತು.

ಆಲ್ದೂರು ರಸ್ತೆಯ ಈ ಕ್ಲಬ್ಬಿಗೆ
ಕೊಲ್ಹಾಪುರದಿಂದ ಬಂದ ಇಂಜಿನಿಯರಮ್ಮನ ಕೈಲಿ
ವಿಮಾನದಿಂದ ಹಿಡಿದ ಹಳೇ ಪಟ, ಯುದ್ಧದ ವರ್ಷದ್ದು.
ಅದರಲ್ಲಿ ಒಂಬತ್ತು ಬೊಟ್ಟು.
"ಗ್ರೀನ್ ಯಾಕೆ ಇಷ್ಟು ಕಪ್ಪು?" ಅಂದರು.
ಪಟ ಹಳತಾದರೆ ಹಾಗೇ, ಅಂತ ಮ್ಯಾನೇಜರು.
ನಾನು ಸುಮ್ಮನಿದ್ದೆ. ಮಾಲಿಯನ್ನು ಯಾರೂ ಕೇಳಿರಲಿಲ್ಲ.

ನಮ್ಮಜ್ಜ ತನಿಯ ಘಟ್ಟದ ಕೆಳಗಿನಿಂದ ಬಂದವನು,
ಎತ್ತಿಗೆ ಚರ್ಮದ ಜೋಡು ತೊಡಿಸಿ
ಹುಲ್ಲು ಕತ್ತರಿಸುವ ಯಂತ್ರ ಎಳೆಸುತ್ತಿದ್ದ.
ಗೊರಸಿನ ಗುರುತು ಬಿದ್ದರೆ ನಾಲ್ಕಾಣೆ ದಂಡ.
ಅಜ್ಜನಿಗೆ ಜೋಡಿರಲಿಲ್ಲ. ಬರಿಗಾಲಿಗೆ ದಂಡವೂ ಇರಲಿಲ್ಲ.

ಏಳನೆಯದರ ಅಂಚು ಸಿಗಲೇ ಇಲ್ಲ ಎರಡು ವಾರ.
ಪಟದಲ್ಲಿ ಬೊಟ್ಟು, ನೆಲದಲ್ಲಿ ಲಂಟಾನ.
ಕೊನೆಗೆ ನಾನೇ ಬಾಯಿಬಿಟ್ಟು
ಕ್ಯಾಡಿ ಹುಸೇನಬ್ಬನನ್ನು ಆಟೋದಲ್ಲಿ ಕರೆಸಿದೆ.
ಎಂಬತ್ತಾರು ವಯಸ್ಸು, ಕಣ್ಣಿಗೆ ಪೊರೆ ಬಂದಿದೆ.
ಚಪ್ಪಲಿ ಬಿಟ್ಟು, ಲುಂಗಿ ಎತ್ತಿ ಕಟ್ಟಿ
ನನ್ನ ಹೆಗಲು ಹಿಡಿದು ನಡೆದ,
ಕತ್ತಲ ಮನೆಯಲ್ಲಿ ಹೊಸ್ತಿಲು ಹುಡುಕುವವನಂತೆ
ಹೆಬ್ಬೆರಳು ಮುಂದೆ ಮುಂದೆ.
"ಅತ್ತಿಮರ ಎಡಕ್ಕಿದೆಯಾ?"
ಇದೆ ಅಂದೆ.
"ಅದರ ಹಣ್ಣು ಉದುರೋ ಜಾಗ ದಾಟಿ ಹದಿನಾಲ್ಕು ಹೆಜ್ಜೆ."
ಎಣಿಸಿದ. ಹನ್ನೊಂದಕ್ಕೇ ನಿಂತ.
"ಮರ ಅಗಲವಾಗಿದೆ," ಎಂದು ನಕ್ಕ.
ಆಮೇಲೆ ಗಿರಿಯ ಕಡೆ ಮುಖ ಮಾಡಿ:
"ಇಲ್ಲಿ ನೆಲ ಸಮ ಅಂತ ಕಣ್ಣು ಹೇಳುತ್ತೆ. ನಂಬಬೇಡಿ.
ಚೆಂಡು ಗಿರಿಗೆ ಬೆನ್ನು ಹಾಕಿಯೇ ಹೋಗುತ್ತೆ.
ದೊರೆಗಳಿಗೂ ಇದನ್ನೇ ಹೇಳುತ್ತಿದ್ದೆ. ಸೋತವರು ಬೈದರು,
ಗೆದ್ದವರು ಕೊಟ್ಟದ್ದು ಎಂಟಾಣೆ, ಒಮ್ಮೆ ಒಂದು ಹರಕು ಸ್ವೆಟರು."

ಅಗೆದೆವು.
ಒಂದು ಮೊಳಕ್ಕೆ ಕೆಂಪು ಮಣ್ಣು ಮುಗಿದು ಕಪ್ಪು ಮರಳು,
ಮುಷ್ಟಿಯಲ್ಲಿ ಹಿಡಿದರೆ ಅಂಟುವ ಮರಳು.
ಇಂಜಿನಿಯರಮ್ಮ ಮೂಗಿನ ಹತ್ತಿರ ತಂದರು:
ಗ್ಯಾರೇಜಿನ ವಾಸನೆ.
ಆಗ ಹೇಳಿದೆ. ಬೇಸಗೆಯಲ್ಲಿ ಹುಲ್ಲು ನಿಲ್ಲುತ್ತಿರಲಿಲ್ಲ;
ಹೊಳೆಮರಳಿಗೆ ಲಾರಿಯ ಹಳೇ ಎಣ್ಣೆ ಕಲಸಿ
ಸಗಣಿ ಸಾರಿಸಿದ ಅಂಗಳದಂತೆ ತೀಡುತ್ತಿದ್ದರು.
ಅವರು ಬ್ರೌನ್ ಎನ್ನುತ್ತಿದ್ದರು. ನಾವು ಎಣ್ಣೆಗುಂಡಿ.
ಪ್ರತಿ ಆಟದ ಹಿಂದೆ ಹೆಜ್ಜೆ ಅಳಿಸಲು ಒಬ್ಬ ಹುಡುಗ.
ಹುಸೇನಬ್ಬನ ಮೊದಲ ಸಂಬಳ ಅದರದ್ದೇ.

ಅದಕ್ಕೂ ಕೆಳಗೆ, ತುಕ್ಕು ತಿಂದು ತೆಳ್ಳಗಾದ
ಎತ್ತಿನ ಲಾಳ ಒಂದು.
ಕಾಫಿ ಮೂಟೆ ಹೇರಿ ಮಂಗಳೂರಿಗೆ ಹೊರಟ ಗಾಡಿಯವರು
ಈ ಬಯಲಲ್ಲಿ ಬೆಂಕಿ ಹಚ್ಚಿ ರಾತ್ರಿ ಕಳೆಯುತ್ತಿದ್ದರಂತೆ,
ಕ್ಲಬ್ಬಿಗಿಂತ ಮೊದಲು, ಗುಂಡಿಗಿಂತ ಮೊದಲು.

ಸಮಿತಿ ಕೂತಿತು. ಮೂಲ ಯಾವುದು ಎಂಬ ಚರ್ಚೆ.
ಹಸಿರೇ ಮೂಲವೆಂದು ಎಂಟು ಕೈ ಎದ್ದವು. ಕಾಫಿ ಬಂತು.
ಲಾಳ ನನ್ನ ಸ್ಪ್ಯಾನರ್ ಡಬ್ಬಿಯಲ್ಲಿದೆ.

ಈಗ ಏಳನೆಯದು ಪಟದ ಬೊಟ್ಟಿನಷ್ಟೇ ಅಗಲ, ಅದೇ ಓರೆ.
ಉದ್ಘಾಟನೆಯ ದಿನ ಅಧ್ಯಕ್ಷರು
ಮೂರು ಸಲ ಕೂತು ಎದ್ದು ಅಳೆದು, ನೆಟ್ಟಗೆ ತಳ್ಳಿದರು.
ಚೆಂಡು ಗಿರಿಗೆ ಬೆನ್ನು ಹಾಕಿತು.
ಕುರ್ಚಿಯಲ್ಲಿದ್ದ ಹುಸೇನಬ್ಬ, ಚಪ್ಪಾಳೆ ಕೇಳದ್ದರಿಂದಲೇ ತಿಳಿದು,
ತಲೆಯಾಡಿಸಿದ.

ಜೂನಿನ ಮೊದಲ ಮಳೆ ನಿಂತ ಬೆಳಿಗ್ಗೆ
ಚರಂಡಿಯ ಬಾಯಲ್ಲಿ ನೋಡುತ್ತೇನೆ,
ನೀರಿನ ಮೇಲೆ ತೆಳ್ಳಗೆ ನವಿಲಿನ ಕುತ್ತಿಗೆಯ ಬಣ್ಣ.
ಕಪ್ಪು ಮರಳನ್ನೆಲ್ಲ ಬಳಿದು ಹನ್ನೆರಡು ಟ್ರ್ಯಾಕ್ಟರ್ ಸಾಗಿಸಿದ್ದೆವು.
ಕೊಲ್ಹಾಪುರದಿಂದ ಫೋನು: "ನೀರು ನಿಲ್ಲುತ್ತಿದೆಯಾ?"
ಇಲ್ಲಮ್ಮ, ಹರಿಯುತ್ತಿದೆ ಅಂದೆ.
ಕಡ್ಡಿಯಿಂದ ಬಣ್ಣ ಕಲಕಿದೆ.
ಒಡೆಯಿತು, ಮತ್ತೆ ಕೂಡಿತು.